ಮೂರರಿಂದ ನಾಲ್ಕರವರೆಗೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಗಲ್ಲಿಯಲ್ಲಿ ಆ ಎರಡು ತಿಂಗಳು ನಡೆದದ್ದಕ್ಕೆಲ್ಲ ಟೈಲರೇ ಮೂಲ ಎಂದು ಈಗಲೂ ಕೆಲವರು ಬೆರಳು ತೋರಿಸುತ್ತಾರೆ. ಆ ಟೈಲರು ನಾನು. ನಾನು ಆಡಿದ್ದು ಒಂದೇ ಮಾತು, ಅದೂ ಒಬ್ಬರ ಮುಂದೆ, ಅದೂ ಅವರ ಸೊಂಟಕ್ಕೆ ಟೇಪು ಸುತ್ತಿರುವಾಗ ಏನಾದರೂ ಮಾತಾಡದಿದ್ದರೆ ಚೆನ್ನಾಗಿರುವುದಿಲ್ಲ ಎಂಬ ಕಾರಣಕ್ಕೆ. ಆ ಮಾತಿಗೆ ಕೈಕಾಲು ಮೂಡಿ ಅದು ಊರೆಲ್ಲ ತಿರುಗಿದರೆ ಅಳತೆ ತೆಗೆದವನ ತಪ್ಪೇ?

ನನ್ನ ಅಂಗಡಿಗೂ ಪಾರ್ಸಲಣ್ಣನ ಮನೆಗೂ ನಡುವೆ ಇರುವುದು ಒಂದಿಟ್ಟಿಗೆಯ ಗೋಡೆ. ಅವನು ಸೀನಿದರೆ ನನ್ನ ಸೂಜಿ ಅಲುಗುತ್ತದೆ. ಪಾರ್ಸಲಣ್ಣ ಒಂದು ದೊಡ್ಡ ಕಚೇರಿಯ ರವಾನೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಪಾರ್ಸಲು ಕಟ್ಟಿದವನು. ಸೀಸೆ, ಗಡಿಯಾರ, ಕನ್ನಡಿ, ಏನೇ ಇರಲಿ, ಅವನ ಕೈಯಿಂದ ಹೊರಟ ಸಾಮಾನು ಒಂದೂ ಒಡೆದದ್ದಿಲ್ಲ. ಅವನದೇ ಆದ ಒಂದು ಗಂಟಿತ್ತು. ಎಂಥ ಭಾರಕ್ಕೂ ಜಗ್ಗದ ಗಂಟು, ಆದರೆ ಎಡಗಡೆಯ ಕುಣಿಕೆಯನ್ನು ಮೆಲ್ಲಗೆ ಎಳೆದರೆ ದಾರವೆಲ್ಲ ತಾನಾಗಿ ಸಡಿಲಾಗಿ ಕೈಗೆ ಬಂದುಬಿಡುತ್ತಿತ್ತು. ಆ ಕುಣಿಕೆಗೆ ಅವನು ಎಡಗಿವಿ ಎನ್ನುತ್ತಿದ್ದ. ಪಾರ್ಸಲಿಗೆ ಕತ್ತರಿ ಹಾಕುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಕಟ್ಟುವವನು ಬಿಚ್ಚುವವನನ್ನು ನೆನೆದುಕೊಂಡು ಕಟ್ಟಬೇಕು, ಬಿಚ್ಚುವವನು ಕಟ್ಟಿದವನಿಗೆ ಮರ್ಯಾದೆ ಕೊಟ್ಟು ಬಿಚ್ಚಬೇಕು ಎಂಬುದು ಅವನ ವಾದ. ನಾನು ದಿನಕ್ಕೆ ನೂರು ಸಲ ಕತ್ತರಿ ಹಿಡಿಯುವವನಾದ್ದರಿಂದ ಈ ಒಂದು ವಿಷಯದಲ್ಲಿ ನಮಗೆ ಹೊಂದಾಣಿಕೆ ಇರಲಿಲ್ಲ.

ಸುಮ್ಮನೆ ಬಿಟ್ಟಿದ್ದರೆ ಅವನು ನಿವೃತ್ತಿಯವರೆಗೂ ಗಂಟು ಹಾಕಿಕೊಂಡು ಇದ್ದುಬಿಡುತ್ತಿದ್ದ. ಆದರೆ ಕಚೇರಿಯ ಯಾರೋ ಒಬ್ಬರು, ಅವನ ಎರಡು ಕೈ ಮಾತ್ರ ಕಾಣುವಂತೆ, ಅರ್ಧ ನಿಮಿಷದ ವಿಡಿಯೋ ತೆಗೆದು ಜಾಲಕ್ಕೆ ಹಾಕಿದರು. ಅದನ್ನು ಇಪ್ಪತ್ತು ಸಾವಿರ ಜನ ನೋಡಿದರು. ಇಪ್ಪತ್ತು ಸಾವಿರ ಜನ ಕೈ ನೋಡಿದ ಮೇಲೆ ಮನುಷ್ಯನ ಕಾಲು ನೆಲದ ಮೇಲೆ ನಿಲ್ಲುವುದು ಕಷ್ಟ. ಬರೀ ಕೈಗೇ ಇಷ್ಟಾದರೆ ಮುಖವೂ ಮಾತೂ ಸೇರಿದರೆ ಎಷ್ಟಾದೀತು ಎಂದು ಯೋಚಿಸಿ, ಸ್ವಂತ ಕೆಲಸವೆಂದು ಬರೆದುಕೊಟ್ಟು ಆರು ತಿಂಗಳ ಸಂಬಳವಿಲ್ಲದ ರಜೆ ಹಾಕಿ, 'ಗಟ್ಟಿ ಗಂಟು' ಎಂಬ ಚಾನೆಲ್ ತೆರೆದು ಮನೆಯಲ್ಲಿ ಕೂತ.

ಅತ್ತಿಗೆ, ಅಂದರೆ ಅವನ ಹೆಂಡತಿ, ಒಂದು ಷರತ್ತು ಹಾಕಿದರು. ಸಾವಿರ ಚಂದಾದಾರರು ಸೇರುವ ತನಕ ಚಾನೆಲಿನಿಂದ ಬಿಡಿಗಾಸೂ ಹುಟ್ಟುವುದಿಲ್ಲವಂತೆ. ರಜೆಯ ಕೊನೆಯ ದಿನದೊಳಗೆ ಸಾವಿರವಾದರೆ ರಾಜೀನಾಮೆ ಕೊಟ್ಟು ಇದನ್ನೇ ಬದುಕು ಮಾಡಿಕೊಳ್ಳಲಿ. ಒಬ್ಬರು ಕಮ್ಮಿಯಾದರೂ ಮರುದಿನ ಬೆಳಿಗ್ಗೆ ಬುತ್ತಿ ಹಿಡಿದು ಕಚೇರಿಗೆ ಹೋಗಬೇಕು. ನಾಲ್ಕು ತಿಂಗಳು ಕಳೆದಾಗ ಸಂಖ್ಯೆ ಅರವತ್ತಮೂರಕ್ಕೆ ಬಂದು ನಿಂತಿತ್ತು. ಅದರಲ್ಲಿ ಮೂರು ಹೆಸರು ಅವನವೇ.

ದೋಷ ಗಂಟಿನದಲ್ಲ, ಗಲ್ಲಿಯದು ಎಂದು ಅವನು ತೀರ್ಮಾನಿಸಿದ. ಅವನು ಬಾಯಿ ತೆರೆದರೆ ಸಾಕು, ಈಚೆಯಿಂದ ನನ್ನ ಹೊಲಿಗೆ ಮಿಷನ್ನು, ಮೂಲೆಯಿಂದ ವೆಲ್ಡಿಂಗ್ ಅಂಗಡಿ, ಎದುರಿನಿಂದ ಹನ್ನೊಂದನೆಯ ಒದೆತಕ್ಕೆ ಮಾತ್ರ ಎಚ್ಚರಾಗುವ ಕಾಂಪೌಂಡರ ಸ್ಕೂಟರು. ಒಬ್ಬ ನೋಡುಗ ಹೀಗೆ ಬರೆದಿದ್ದನಂತೆ: 'ಹಿಂದೆ ಬರುವ ಹೊಲಿಗೆ ಮಿಷನ್ ಸದ್ದು ಹಿತವಾಗಿದೆ. ಮಧ್ಯೆ ನೀವು ಯಾಕೆ ಮಾತಾಡುತ್ತೀರಿ?' ಅವತ್ತು ಪಾರ್ಸಲಣ್ಣ ಊಟ ಬಿಟ್ಟ.

ಅತ್ತಿಗೆಗೆ ಫೋನು ಹಿಡಿಯಲು ಬಿಡುವಿರುತ್ತಿದ್ದದ್ದು ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ. ಆ ಒಂದು ಗಂಟೆ ಗಲ್ಲಿಯ ಬಾಯಿ ಮುಚ್ಚಿಸಬೇಕಿತ್ತು. ಆದರೆ ಕೇಳುವವರು ಯಾರು? ನಲವತ್ತೇಳರ ಗಂಡಸು ಫೋನಿನ ಮುಂದೆ ಕೂತು 'ಸ್ನೇಹಿತರೇ' ಎನ್ನುತ್ತಾನೆಂದು ಅವನು ಯಾರಿಗೂ ಹೇಳಿರಲಿಲ್ಲ. ರಜೆ ಯಾಕೆ ಎಂದವರಿಗೆ 'ಹೀಗೇ' ಎಂದಿದ್ದ. ನಾಚಿಕೆಯಾಗಿ ಅತ್ತಿಗೆಯನ್ನು ಕಳಿಸಿದ. ಅತ್ತಿಗೆಗೆ ಅವನಿಗಿಂತ ಎರಡು ಪಟ್ಟು ನಾಚಿಕೆ. ನನ್ನ ಅಂಗಡಿಯ ಮುಂದೆ ತಲೆ ತಗ್ಗಿಸಿ ನಿಂತರು.

"ಮೂರರಿಂದ ನಾಲ್ಕರ ತನಕ ಮಿಷನ್ ನಿಲ್ಸೋಕಾಗತ್ತಾ? ಇವರಿಗೋಸ್ಕರ. ಹೆಚ್ಚು ದಿನ ಏನಿಲ್ಲ, ಇನ್ನೆರಡು ತಿಂಗಳು."

ಯಾಕೆ ಅತ್ತಿಗೆ ಎಂದು ಕೇಳಿದೆ.

"ಅದೊಂದು ಕೇಳ್ಬೇಡಿ. ಹೇಳೋಕೆ ನಂಗೆ ಬಾಯಿ ಬರಲ್ಲ" ಎಂದವರು ಕಣ್ಣು ತಪ್ಪಿಸಿ ಹೊರಟೇಹೋದರು.

ಆ ಸಂಜೆ ಕಾಂಪೌಂಡರು ಪ್ಯಾಂಟಿನ ಅಳತೆ ಕೊಡಲು ಬಂದರು. ಅವರದು ಎದುರುಗಡೆಯ ಔಷಧಿ ಅಂಗಡಿ. ಒಂದು ಕಾಲದಲ್ಲಿ ಯಾರೋ ಡಾಕ್ಟರ ಬಳಿ ಕಾಂಪೌಂಡರಾಗಿದ್ದವರು. ಡಾಕ್ಟರಾಗಲು ಓದೊಂದು ಬಿಟ್ಟು ಮಿಕ್ಕೆಲ್ಲ ಅವರಲ್ಲಿತ್ತು. ಪಾರ್ಸಲಣ್ಣನಿಗೆ ಎರಡು ತಿಂಗಳು ಸದ್ದು ಆಗಬಾರದಂತೆ ಎಂದೆ. ಇಷ್ಟೇ ನಾನು ಹೇಳಿದ್ದು. ಕಾಂಪೌಂಡರು ಟೇಪನ್ನು ಸೊಂಟದಲ್ಲೇ ಹಿಡಿದುಕೊಂಡು ಯೋಚನೆಗೆ ಬಿದ್ದರು.

"ನಾಲ್ಕು ತಿಂಗಳಿಂದ ಮನೇಲಿದ್ದಾನೆ. ನನ್ನಂಗಡೀಲಿ ತಲೆನೋವಿಗೆ ಅಂತ ಒಂದು ಮಾತ್ರೆ ತಗೊಂಡಿಲ್ಲ. ಏನರ್ಥ ಹೇಳು?"

"ಆರೋಗ್ಯವಾಗಿದ್ದಾನೆ ಅಂತ?"

"ಮಾತ್ರೆಯ ಹಂತ ದಾಟಿದೆ ಅಂತ."

ಮರುದಿನ ಹೊತ್ತು ಏರುವಷ್ಟರಲ್ಲಿ ವಿಷಯ ಹೆಡ್‌ಮಿಸ್ಸಿನ ಕಿವಿ ಮುಟ್ಟಿತ್ತು. ಮೂವತ್ತಮೂರು ವರ್ಷ ಶಾಲೆ ನಡೆಸಿ ನಿವೃತ್ತರಾದ ಅವರು, ಆಮೇಲೆ ಬೇರೆ ಏನೂ ಸಿಗದೆ ನಮ್ಮ ಗಲ್ಲಿಯನ್ನು ನಡೆಸುತ್ತಿದ್ದರು. ಅವರು ಮನೆಮನೆಗೂ ಹೋಗಿ, ಕಾರಣ ಹೇಳಬಾರದೆಂದು ಹೇಳಿ, ಕಾರಣವನ್ನೂ ಹೇಳಿ ಬಂದರು. ಮೂರು ಗಂಟೆಗೆ ಗಲ್ಲಿ ನಿಶ್ಶಬ್ದವಾಯಿತು. ವೆಲ್ಡಿಂಗಿನವನು ಮಿಷನ್ ಆರಿಸಿ ಕೈಕಟ್ಟಿ ಕೂತ. ನಲ್ಲಿಯ ವಿಷಯಕ್ಕೆ ದಿನವೂ ಮೂರೂವರೆಗೆ ಜಗಳವಾಡುತ್ತಿದ್ದ ಎರಡು ಮನೆಯವರು ತಮ್ಮ ಜಗಳವನ್ನು ನಾಲ್ಕೂಕಾಲಿಗೆ ಮುಂದೂಡಿದರು. ಊಟ ಮುಗಿಸಿ ಮೂರಕ್ಕೆ ಅಂಗಡಿಗೆ ಮರಳುವ ಕಾಂಪೌಂಡರು ಗಲ್ಲಿಯ ತುದಿಯಲ್ಲೇ ಸ್ಕೂಟರಿಳಿದು ತಳ್ಳಿಕೊಂಡು ಬರತೊಡಗಿದರು.

ಅಷ್ಟು ನಿಶ್ಶಬ್ದವಾದ ಮೇಲೆ ಗೋಡೆಯಾಚೆಯ ಮಾತು ನನಗೆ ಸ್ಪಷ್ಟವಾಗಿ ಕೇಳಿಸತೊಡಗಿತು. ಕೇಳಬೇಕೆಂದು ಕೇಳಿದ್ದಲ್ಲ, ಗೋಡೆಗೆ ಕಿವಿಯಿಟ್ಟಿದ್ದೆ ಅಷ್ಟೆ. ಪಾರ್ಸಲಣ್ಣ, 'ಸ್ನೇಹಿತರೇ, ಒಡೆಯುವ ಸಾಮಾನನ್ನು ಮೊದಲು ಮೆತ್ತನೆಯ ಬಟ್ಟೆಯಲ್ಲಿ ಸುತ್ತಬೇಕು' ಎಂದ. ಸ್ವಲ್ಪ ಬಿಟ್ಟು ಮತ್ತೆ ಅದನ್ನೇ ಎಂದ. ಹೀಗೆ ಹನ್ನೊಂದು ಸಲ, ಒಮ್ಮೆ ನಗುತ್ತಾ, ಒಮ್ಮೆ ಗಂಭೀರವಾಗಿ, ಒಮ್ಮೆ ಯಾರನ್ನೋ ಬೇಡಿಕೊಳ್ಳುವಂತೆ. ಎದ್ದು ಹೋಗಿ ಹೆಡ್‌ಮಿಸ್ಸಿಗೆ ತಿಳಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ಕಾಂಪೌಂಡರು, ನೆನಪು ಹೋಗುತ್ತಿದೆ, ಇದು ಮೂರನೆಯ ಹಂತ ಎಂದರು. ಮೊದಲ ಎರಡು ಯಾವುವು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಸಾಕ್ಷಿಗಳಿಗೇನೂ ಬರವಿರಲಿಲ್ಲ. ಸದ್ದು ಒಳಬರದಿರಲೆಂದು ಅವನು ಕಿಟಕಿಗೆ ಹಾಸಿಗೆ ಒತ್ತಿ ನಿಲ್ಲಿಸಿದ್ದ. ಹಾಸಿಗೆಯ ಅಂಚಿನಿಂದ ಹಾಡುಹಗಲೇ ಬೆಳ್ಳನೆಯ ದೀಪದ ಬೆಳಕು ಆಪರೇಷನ್ ಕೋಣೆಯ ಹಾಗೆ ಇಣುಕುತ್ತಿತ್ತು. ನಾಲ್ಕಕ್ಕೆ ಬಾಗಿಲು ತೆರೆದು ಬೆವರಿನಲ್ಲಿ ತೊಯ್ದು ಹೊರಬಂದವನು ಗೋಡೆ ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದ. ಮುಚ್ಚಿದ ಕೋಣೆಯಲ್ಲಿ ಮೂರು ದೀಪದ ಮುಂದೆ ಕೂತರೆ ಯಾರಿಗಾದರೂ ಹಾಗೆಯೇ ಆಗುತ್ತದೆ ಎಂದು ಈಗ ಗೊತ್ತು.

ಒಂದು ಸಂಜೆ ನಾವೆಲ್ಲ ಸೇರಿ ನೋಡಲು ಹೋದೆವು. ಹೆಡ್‌ಮಿಸ್ಸು ಗಾಜಿನ ಬೋಗುಣಿಯಲ್ಲಿ ಕಿತ್ತಳೆ ತಂದಿದ್ದರು, ಕಾಂಪೌಂಡರು ಫ್ಲಾಸ್ಕಿನಲ್ಲಿ ಸೂಪು, ವೆಲ್ಡಿಂಗಿನವನು ಪಿಂಗಾಣಿ ಬಟ್ಟಲಿನಲ್ಲಿ ದ್ರಾಕ್ಷಿ, ನಾನು ಸೀಸೆಯಲ್ಲಿ ಜೇನು. ಪಾರ್ಸಲಣ್ಣನ ಮುಖ ಅರಳಿತು. ಅತ್ತಿಗೆ ವಿಡಿಯೋದ ವಿಷಯ ಹೇಳಿಯೇ ಮೌನ ಕೇಳಿರುತ್ತಾರೆ, ಇವರೆಲ್ಲ ತನ್ನನ್ನು ಮೆಚ್ಚಿ ಬಂದವರು ಎಂದು ಅವನು ತಿಳಿದುಕೊಂಡ.

"ಯಾವಾಗಿಂದ ಇದು?" ಎಂದು ಹೆಡ್‌ಮಿಸ್ಸು ಮೆಲ್ಲಗೆ ಕೇಳಿದರು.

"ನಾಲ್ಕು ತಿಂಗಳಾಯ್ತು ಮೇಡಂ. ಮೊದಲು ಬರೀ ಕೈ. ಆಮೇಲೆ ಮುಖಕ್ಕೂ ಬಂತು."

ಕಾಂಪೌಂಡರು ಹಿಂದಿನಿಂದ ನನ್ನ ಬೆನ್ನು ತಿವಿದರು.

"ಧೈರ್ಯವಾಗಿದ್ದೀಯಲ್ಲಪ್ಪಾ."

"ಮೊದಮೊದಲು ಭಯ ಇತ್ತು. ಈಗ ಅಭ್ಯಾಸ ಆಗಿದೆ. ಒಂದೇ ಒಂದು ಆಸೆ ಉಳಿದಿದೆ ಮೇಡಂ. ಮುಂದಿನ ತಿಂಗಳ ಕೊನೆಯೊಳಗೆ ಸಾವಿರ ಜನ ನೋಡೋರು ಆಗ್ಬಿಟ್ರೆ ಸಾಕು, ನೆಮ್ಮದಿಯಾಗಿರ್ತೀನಿ."

ಎಂದು ಚಾನೆಲಿನ ಹೆಸರು ಬರೆದ ಚೀಟಿಗಳನ್ನು ಎಲ್ಲರಿಗೂ ಒಂದೊಂದು ಕೊಟ್ಟ. ಹೆಡ್‌ಮಿಸ್ಸು ಆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಬಂದರು. ಗಲ್ಲಿಯಲ್ಲಿ ನಿಂತು, ಒಬ್ಬ ಮನುಷ್ಯ ಕಾಲ ಕಳೆಯಲಿಕ್ಕೆಂದು ಹಿಡಿದುಕೊಂಡಿರುವ ಕೊನೆಯ ಆಸೆ ಇದು, ನಡೆಸಿಕೊಡುವುದು ನಮ್ಮ ಜವಾಬ್ದಾರಿ ಎಂದರು. ಒಂದು ನಿಯಮವನ್ನೂ ಹಾಕಿದರು. ಪ್ರತಿ ವಿಡಿಯೋವನ್ನೂ ಕೊನೆಯ ತನಕ ನೋಡಬೇಕು. ಅರ್ಧಕ್ಕೆ ಬಿಟ್ಟರೆ ಅವನಿಗೆ ಗೊತ್ತಾಗುತ್ತದಂತೆ, ನೊಂದುಕೊಳ್ಳುತ್ತಾನೆ.

ಆಮೇಲಿನದು ನೋಡಬೇಕಿತ್ತು. ಹೆಡ್‌ಮಿಸ್ಸು ಮೂವತ್ತಮೂರು ವರ್ಷದ ಹಳೆಯ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಫೋನಿನಲ್ಲಿ ಗದರಿಸಿದರು. ಕಾಂಪೌಂಡರು ಕೆಮ್ಮಿನ ಔಷಧಿಗೂ ಚೀಟಿ, ಕಾಲುನೋವಿನ ಮುಲಾಮಿಗೂ ಚೀಟಿ ಕೊಟ್ಟರು. ನಾನು ಹೊಲಿದ ಪ್ರತಿ ಶರ್ಟಿನ ಜೇಬಿನಲ್ಲಿ ಒಂದು ಚೀಟಿ ಇಟ್ಟೆ. ಅರವತ್ತಮೂರು ಇನ್ನೂರಾಯಿತು, ಇನ್ನೂರು ಆರುನೂರಾಯಿತು. ವಿಡಿಯೋಗಳ ಕೆಳಗೆ 'ನಿಮ್ಮ ನಗು ನೋಡಿ ಅಳು ತಡೆಯಲಾಗಲಿಲ್ಲ', 'ಧೈರ್ಯವಾಗಿರಿ, ನಾವಿದ್ದೇವೆ' ಎಂದೆಲ್ಲ ಜನ ಬರೆದರು. ಪಾರ್ಸಲಣ್ಣ ಓದಿ ಓದಿ ತಾನೂ ಕಣ್ಣೊರೆಸಿಕೊಂಡ.

"ಬಾಟಲಿ ಕಟ್ಟೋದು ನೋಡಿ ಜನ ಅಳ್ತಾರೆ ಅಂದ್ರೆ, ಕಲೆ ಅಂದ್ರೆ ಇದು ಕಣೋ" ಎಂದು ನನ್ನ ಅಂಗಡಿಗೆ ಬಂದು ಹೇಳಿದ. ನಾನು ಹೌದಣ್ಣ ಎಂದು ಬೆನ್ನು ಸವರಿ, ಕೂರಲು ಕುರ್ಚಿ ಕೊಟ್ಟೆ.

ರಜೆ ಮುಗಿಯಲು ನಾಲ್ಕು ದಿನವಿತ್ತು. ಸಂಖ್ಯೆ ಒಂಬೈನೂರ ಅರವತ್ತೆಂಟು. ಅವತ್ತು ಅವನ ಕಚೇರಿಯ ಸೂಪರಿಂಟೆಂಡೆಂಟರು ಒಂದು ಕಡತ ಹಿಡಿದು ಬಂದರು. ಚೀಟಿ ಅಲ್ಲಿಗೂ ತಲುಪಿತ್ತು, ಅದರ ಹಿಂದಿನ ಕಥೆಯೂ ತಲುಪಿತ್ತು. ಪಾರ್ಸಲು ವಿಭಾಗ ಖಾಲಿ ಇರಬಾರದು, ನಿಮ್ಮ ಜಾಗಕ್ಕೆ ತಾತ್ಕಾಲಿಕವಾಗಿ ನಿಮ್ಮ ಮನೆಯವರನ್ನೇ ತೆಗೆದುಕೊಳ್ಳಲು ಮೇಲಿನವರು ಒಪ್ಪಿದ್ದಾರೆ, ಇಲ್ಲಿ ಇಬ್ಬರೂ ಒಂದೊಂದು ಸಹಿ ಹಾಕಿ ಎಂದರು. ತಾನು ಹೇಗೂ ರಾಜೀನಾಮೆ ಕೊಡುವವನು, ಎಂಥ ದೊಡ್ಡ ಮನಸ್ಸು ಎಂದು ಪಾರ್ಸಲಣ್ಣ ಖುಷಿಯಿಂದ ಸಹಿ ಹಾಕಿದ. ಅತ್ತಿಗೆಗೂ ಸಂತೋಷವಾಗಿ, ಮೂವತ್ತೆಂಟು ವಿಡಿಯೋಗೆ ಫೋನು ಹಿಡಿದು ಎಲ್ಲ ಗಂಟೂ ಕಲಿತಿದ್ದೇನೆ ಎಂದು ತಾವೂ ಸಹಿ ಹಾಕಿದರು. ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಒರೆಸಿಕೊಂಡರು.

ಅದೇ ಹೊತ್ತಿಗೆ ಅತ್ತಿಗೆಯ ತಮ್ಮ ದೂರದ ಊರಿನಿಂದ ಸೂಟ್‌ಕೇಸ್ ಹಿಡಿದು ಒಳಬಂದ. ಅಕ್ಕನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದ.

"ಹದಿನೈದು ದಿನ ರಜೆ ಹಾಕಿ ಬಂದಿದ್ದೀನಿ ಅಕ್ಕಾ. ಸಾಕಾಗತ್ತಾ, ಇನ್ನೂ ಸ್ವಲ್ಪ ಕೇಳ್ಲಾ?"

"ಯಾತಕ್ಕೆ ಸಾಕಾಗತ್ತಾ?" ಎಂದರು ಅತ್ತಿಗೆ. ಅವನು ಭಾವನ ಕಡೆ ನೋಡಿದ. ಅತ್ತಿಗೆ ತಮ್ಮನ ಮುಖ ನೋಡಿದರು, ಸೂಪರಿಂಟೆಂಡೆಂಟರ ಒದ್ದೆ ಕನ್ನಡಕ ನೋಡಿದರು, ಮೇಜಿನ ಮೇಲಿನ ಕಿತ್ತಳೆಯ ರಾಶಿ ನೋಡಿದರು, ಕೊನೆಗೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ನಾನು ಅಂಗಡಿ ತೆರೆದಿಟ್ಟು ಬಂದದ್ದು ಅದೇ ಗಳಿಗೆಯಲ್ಲಿ ನೆನಪಾಯಿತು.

ಬಂದವರು ಹೋದ ಮೇಲೆ ಅತ್ತಿಗೆ ಗಂಡನಿಗೆ ಎಲ್ಲ ಬಿಡಿಸಿ ಹೇಳಿದ್ದು ಗೋಡೆಯಾಚೆಯಿಂದ ಕೇಳಿಸಿತು. ಆಮೇಲೆ ಪಾರ್ಸಲಣ್ಣ ಸಣ್ಣ ದನಿಯಲ್ಲಿ ಕೇಳಿದ.

"ಹಾಗಾದ್ರೆ ಬಾಟಲಿ ವಿಡಿಯೋಗೆ ಯಾರೂ ಅಳ್ಲಿಲ್ವಾ?"

ನನಗೆ ಪಾಪ ಅನ್ನಿಸಿತು. ನಿಜವಾಗಿ ಅನ್ನಿಸಿತು. ಹೋಗಿ ಗಲ್ಲಿಗೆಲ್ಲ ಸತ್ಯ ಹೇಳಿಬಿಡಬಹುದಿತ್ತು. ಆದರೆ ಹೇಳಲು ಹೋದರೆ ಶುರುವಾದದ್ದು ಹೇಗೆಂಬುದನ್ನೂ ಹೇಳಬೇಕಾಗುತ್ತಿತ್ತು. ನಾನು ಗುಂಡಿ ಹೊಲಿಯುತ್ತಾ ಕೂತೆ.

ಅತ್ತಿಗೆ ವ್ಯವಹಾರಸ್ಥೆ. "ನಾವಾಗಿ ಒಂದು ಸು‌ಳ್ಳೂ ಹೇಳಿಲ್ಲ. ಇನ್ನು ನಾಲ್ಕೇ ದಿನ. ಸುಮ್ಮನಿದ್ರಾಯ್ತು ರೀ" ಎಂದರು. ಅವನು ಆಯಿತೆಂದ. ಮರುದಿನ ಮೂರು ಗಂಟೆಗೆ ಗೋಡೆಯಾಚೆ ಒಂದು ಸಣ್ಣ ಕೆಮ್ಮು ಕೂಡ ಕೇಳಿಸಿತು. ಅದನ್ನೂ ಅವನು ಹನ್ನೊಂದು ಸಲ ಕೆಮ್ಮಿ ನೋಡಿದ.

ಅದರ ಮರುದಿನ ಸೆಕೆ ತಡೆಯಲಾರದೆ ಹಾಸಿಗೆಯನ್ನು ಕಿಟಕಿಯಿಂದ ಸರಿಸಿದಾಗ ಅವನಿಗೆ ಕಾಂಪೌಂಡರು ಕಾಣಿಸಿದರು. ಅರವತ್ತನಾಲ್ಕರ ಮನುಷ್ಯ ಸುಡುಬಿಸಿಲಿನಲ್ಲಿ ಸ್ಕೂಟರು ತಳ್ಳಿಕೊಂಡು ಬರುತ್ತಿದ್ದರು. ಎರಡು ಕಡೆ ನಿಂತು ಸೊಂಟ ಹಿಡಿದುಕೊಂಡರು. ಕಿಟಕಿಯಲ್ಲಿ ಪಾರ್ಸಲಣ್ಣನನ್ನು ಕಂಡವರೇ ನಕ್ಕು, ನೀನು ಮಲಗಪ್ಪಾ, ಸದ್ದು ಮಾಡಲ್ಲ ಎಂದು ಕೈಸನ್ನೆ ಮಾಡಿದರು.

ಪಾರ್ಸಲಣ್ಣ ಕೆಮ್ಮಿಗೆಂದು ತೆಗೆದುಕೊಂಡಿದ್ದ ನೀರಿನ ಲೋಟ ಕೆಳಗಿಟ್ಟು ಬೀದಿಗೆ ಬಂದ. ಆ ಮೌನದ ನಡುವೆ ನಿಂತು ಗಟ್ಟಿಯಾಗಿ ಹೇಳಿದ.

"ನಂಗೇನೂ ಆಗಿಲ್ಲ. ಕಲ್ಲುಗುಂಡಿನ ಹಾಗಿದ್ದೀನಿ."

ಬಾಗಿಲುಗಳು ತೆರೆದವು. ಹೆಡ್‌ಮಿಸ್ಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಇಂಥ ಧೈರ್ಯವನ್ನು ಅವರು ಮೂವತ್ತಮೂರು ವರ್ಷದ ಸೇವೆಯಲ್ಲಿ ಕಂಡಿರಲಿಲ್ಲವಂತೆ. ಯಾರೂ ನಂಬುತ್ತಿಲ್ಲವೆಂದು ತಿಳಿದು, ಬೇಕಾದರೆ ನೋಡಿ ಎಂದು ಪಾರ್ಸಲಣ್ಣ ಓಡತೊಡಗಿದ. ಗಲ್ಲಿಯ ಈ ತುದಿಯಿಂದ ಆ ತುದಿಗೆ ಎರಡು ಸುತ್ತು. ಹತ್ತೊಂಬತ್ತು ವರ್ಷ ಸ್ಟೂಲಿನ ಮೇಲೆ ಕೂತು ಗಂಟು ಹಾಕಿದವನು, ಆರು ತಿಂಗಳು ದೀಪದ ಮುಂದೆ ಕೂತವನು. ಎರಡನೆಯ ಸುತ್ತಿನ ಕೊನೆಗೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಸಿದ, ಮುಖ ಕೆಂಪಗೆ, ಉಸಿರು ಸಿಕ್ಕದೆ, ಮಾತು ಬಾರದೆ. ಕಾಂಪೌಂಡರು ನಾಡಿ ಹಿಡಿದು ಎಲ್ಲರತ್ತ ನೋಡಿದರು. ನಾನು ಹೇಳಿರಲಿಲ್ಲವೇ ಎಂಬ ನೋಟ ಅದು. ನಾಲ್ಕು ಜನ ಅವನನ್ನು ಎತ್ತಿ ಒಳಗೆ ಮಲಗಿಸಿದರು.

ಉಸಿರು ಬಂದ ಮೇಲೆ ಅವನು ವಿಡಿಯೋ ಮಾಡಿದ. ಗಂಟಿಲ್ಲ, ಬಾಟಲಿಯಿಲ್ಲ, ನಾನು ಆರೋಗ್ಯವಾಗಿದ್ದೇನೆ, ದಯವಿಟ್ಟು ಕನಿಕರಕ್ಕೆ ನೋಡಬೇಡಿ ಎಂದು ಮೂರು ನಿಮಿಷ ಬೇಡಿಕೊಂಡದ್ದು ಅಷ್ಟೆ. ಆ ಒಂದೇ ಸಂಜೆ ಸಂಖ್ಯೆ ಸಾವಿರದ ಇನ್ನೂರು ದಾಟಿತು. ಸತ್ಯ ಹೇಳಿ ಇಷ್ಟು ಲಾಭ ಮಾಡಿದವನು ನಮ್ಮ ಗಲ್ಲಿಯಲ್ಲಿ ಅವನೊಬ್ಬನೇ.

ಸತ್ಯ ಹೇಳಿಯಾಯಿತಲ್ಲ, ಇನ್ನು ರಾಜೀನಾಮೆ ಬರೆಯಿರಿ ಎಂದರು ಅತ್ತಿಗೆ. ಅವನು ಒಪ್ಪಲಿಲ್ಲ. ಗಲ್ಲಿಯವರು ನಂಬುವ ತನಕ ಈ ಸಾವಿರ ನನ್ನದಲ್ಲ ಎಂದು ಹಟ ಹಿಡಿದು, ಮರುದಿನ ಕಾಂಪೌಂಡರನ್ನೇ ಕರೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ ನೆತ್ತಿಯಿಂದ ಅಂಗಾಲಿನ ತನಕ ಪರೀಕ್ಷೆ ಮಾಡಿಸಿಕೊಂಡು ಬಂದ. ವರದಿಯನ್ನು ಹೆಡ್‌ಮಿಸ್ಸು ಗಲ್ಲಿಯಲ್ಲಿ ನಿಂತು, ಪರೀಕ್ಷೆಯ ಫಲಿತಾಂಶ ಓದುವವರ ಹಾಗೆ ಓದಿದರು. ಹೃದಯ ಪಾಸು. ರಕ್ತ ಪಾಸು. ಎಲ್ಲ ವಿಷಯದಲ್ಲೂ ಪಾಸು.

ಒಂದು ಗಳಿಗೆ ಎಲ್ಲರಿಗೂ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ, ಪೂರಾ ಒಂದು ಗಳಿಗೆ. ಆಮೇಲೆ ವೆಲ್ಡಿಂಗಿನವನು ಎರಡು ತಿಂಗಳು ಕೈಕಟ್ಟಿ ಕೂತದ್ದನ್ನು ನೆನಪು ಮಾಡಿಕೊಂಡ. ಕಾಂಪೌಂಡರು ಸೊಂಟ ಮುಟ್ಟಿ ನೋಡಿಕೊಂಡರು. ಹೆಡ್‌ಮಿಸ್ಸು ನಕಲು ಹೊಡೆದ ವಿದ್ಯಾರ್ಥಿಯನ್ನು ನೋಡುವಂತೆ ಪಾರ್ಸಲಣ್ಣನನ್ನು ನೋಡಿ, ವರದಿಯನ್ನು ಅವನ ಕೈಗಿತ್ತು ಒಳಗೆ ಹೋದರು. ಅವರು ಫೋನಿನಲ್ಲಿ ಹಳೆಯ ವಿದ್ಯಾರ್ಥಿಗಳಿಗೆ ಏನು ಹೇಳಿದರೋ, ಸಂಜೆಯ ಹೊತ್ತಿಗೆ ಸಾವಿರದ ಇನ್ನೂರು ಇದ್ದದ್ದು ಬರೀ ಎಪ್ಪತ್ತೊಂದಕ್ಕೆ ಇಳಿದಿತ್ತು. ನಾನೂ ಚಾನೆಲ್ ಬಿಟ್ಟೆ. ನನಗೆ ಮೊದಲೇ ಗೊತ್ತಿತ್ತು ನಿಜ, ಆದರೆ ಊರೆಲ್ಲ ಕೋಪಿಸಿಕೊಂಡಿರುವಾಗ ಒಬ್ಬ ಮಾತ್ರ ಸುಮ್ಮನಿದ್ದರೆ ಅನುಮಾನ ಬರುತ್ತದೆ.

ರಜೆಯ ಕೊನೆಯ ದಿನ ಮೂರು ಗಂಟೆಗೆ ಗಲ್ಲಿಯಲ್ಲಿ ಎಲ್ಲ ಸದ್ದೂ ಒಟ್ಟಿಗೆ ಶುರುವಾಯಿತು. ನಾನೂ ಬೇಕೆಂದೇ ಜೋರಾಗಿ ಮಿಷನ್ ತುಳಿದೆ. ಗೋಡೆಯಾಚೆ ಮಾತಿರಲಿಲ್ಲ. ಕಾಗದದ ಸರಸರ, ದಾರ ಎಳೆಯುವ ಸದ್ದು ಅಷ್ಟೆ. ನಾಲ್ಕರ ಹೊತ್ತಿಗೆ ಅತ್ತಿಗೆ ಹೊರಬಂದು ಒಬ್ಬೊಬ್ಬರ ಮನೆಗೂ ಒಂದೊಂದು ಪಾರ್ಸಲು ಕೊಟ್ಟು ಹಿಂದಿರುಗಿದರು. ನಾವು ಕೊಟ್ಟಿದ್ದ ಪಾತ್ರೆಗಳವು. ಬೋಗುಣಿ, ಫ್ಲಾಸ್ಕು, ಬಟ್ಟಲು, ನನ್ನ ಜೇನಿನ ಸೀಸೆ. ಪಕ್ಕದ ಮನೆಗೆ ಕಳಿಸುವ ಖಾಲಿ ಸೀಸೆಯನ್ನು ಅವನು ಕಡಲಾಚೆಗೆ ಕಳಿಸುವಂತೆ ಕಟ್ಟಿದ್ದ.

ನನ್ನ ಕತ್ತರಿ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ನಾನು ಅದನ್ನು ಮುಟ್ಟಲಿಲ್ಲ. ಯೋಚಿಸಿ ಬಿಟ್ಟದ್ದೂ ಅಲ್ಲ. ಬೆರಳು ತಾನಾಗಿ ಎಡಗಡೆಯ ಕುಣಿಕೆಯನ್ನು ಹುಡುಕಿ ಮೆಲ್ಲಗೆ ಎಳೆಯಿತು, ದಾರವೆಲ್ಲ ಸಡಿಲಾಗಿ ಅಂಗೈಗೆ ಬಂತು. ತಲೆ ಎತ್ತಿ ನೋಡಿದೆ. ಎದುರುಗಡೆ ಕಾಂಪೌಂಡರು ಫ್ಲಾಸ್ಕಿನ ಎಡಗಿವಿ ಎಳೆಯುತ್ತಿದ್ದರು. ಮೂಲೆಯಲ್ಲಿ ವೆಲ್ಡಿಂಗಿನವನ ದಪ್ಪ ಬೆರಳೂ ಅಲ್ಲೇ ಇತ್ತು. ಹೆಡ್‌ಮಿಸ್ಸು ತಮ್ಮ ಬಾಗಿಲಲ್ಲಿ ನಿಂತು, ಬಿಚ್ಚಿದ ದಾರವನ್ನು ಅವನು ಕಲಿಸಿದಂತೆಯೇ ನಾಲ್ಕು ಬೆರಳಿಗೆ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ಒಬ್ಬರೂ ಕತ್ತರಿ ಹಿಡಿದಿರಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡೆವು.

"ಟೈಲರ್, ಈ ಗಂಟು ಎಷ್ಟನೇ ವಿಡಿಯೋದಲ್ಲಿ ಬರತ್ತೆ?" ಎಂದರು ಹೆಡ್‌ಮಿಸ್ಸು.

"ಹದಿನಾಲ್ಕನೇದು" ಎಂದು ಮೂರು ಮನೆಯಿಂದ ಒಟ್ಟಿಗೆ ಉತ್ತರ ಬಂತು.

ಅವರು, ಚೆನ್ನಾಗಿಯೇ ಪಾಠ ಮಾಡಿದ್ದಾನೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಫೋನು ತೆಗೆದರು. ನಾನೂ ತೆಗೆದೆ. ಅವತ್ತು ಎಪ್ಪತ್ತೊಂದು ಇದ್ದದ್ದು ನೂರ ಹದಿನೆಂಟಾಯಿತು. ಷರತ್ತಿಗೆ ಅದು ಸಾಲುತ್ತಿರಲಿಲ್ಲ. ಪಾರ್ಸಲಣ್ಣ ನಾಳೆ ಕೆಲಸಕ್ಕೆ ಬರುತ್ತೇನೆಂದು ಸೂಪರಿಂಟೆಂಡೆಂಟರಿಗೆ ಫೋನು ಮಾಡಿದ. ಅವರಿಗೆ ನೆಮ್ಮದಿಯಾಯಿತಂತೆ, ಆದರೆ ಗಾಬರಿಯೂ ಆಯಿತಂತೆ.

"ನಿಮ್ಮ ಮನೆಯವರ ಆದೇಶ ಹೊರಟಾಗಿದೆ. ಮೇಲಿನವರು ಮೂರು ಜನ ಸಹಿ ಹಾಕಿದ್ದಾರೆ. ನೀವೂ ಬಂದ್ರೆ ಒಂದು ಸ್ಟೂಲಿಗೆ ಇಬ್ಬರಾಗ್ತೀರಿ. ಅದನ್ನ ರದ್ದು ಮಾಡ್ಸೋಕೆ ಆರು ತಿಂಗಳು ಬೇಕು. ಅಲ್ಲೀವರೆಗೆ ದಯವಿಟ್ಟು ರಜೆ ಮುಂದುವರಿಸಿ."

ಹೀಗೆ ಒಂದನೆಯ ತಾರೀಕು ಬೆಳಿಗ್ಗೆ ಬುತ್ತಿ ಹಿಡಿದು ಕಚೇರಿಗೆ ಹೊರಟವರು ಅತ್ತಿಗೆ. ಅವರು ಕಟ್ಟಿದ್ದೂ ಈವರೆಗೆ ಒಂದೂ ಒಡೆದಿಲ್ಲವಂತೆ. ಗಂಡನಿಗೆ ಇನ್ನಾರು ತಿಂಗಳು ಗಡುವು ಕೊಟ್ಟಿದ್ದಾರೆ, ಸಾವಿರದ ಷರತ್ತು ಹಾಗೇ ಇದೆ. ಫೋನು ಹಿಡಿಯುವವರಿಲ್ಲದ್ದರಿಂದ ಅವನು ಅದನ್ನು ಕಪಾಟಿಗೆ ಕಟ್ಟಿ ಕೆಳಮುಖ ಮಾಡಿಟ್ಟಿದ್ದಾನೆ. ಈಗ ಮೊದಲಿನಂತೆ ಬರೀ ಕೈ ಕಾಣುತ್ತದೆ. ಮಾತಿಲ್ಲ. ಮೂರು ಗಂಟೆಗೆ ಗೋಡೆಗೆ ಎರಡು ಸಲ ಬಡಿಯುತ್ತಾನೆ, ಅಂದರೆ ನಾನು ಮಿಷನ್ ಶುರು ಮಾಡಬೇಕು. ಸಂಖ್ಯೆ ನಾನೂರ ಹನ್ನೆರಡಕ್ಕೆ ಬಂದಿದೆ. ಇವರಲ್ಲಿ ಅಯ್ಯೋ ಪಾಪ ಎಂದು ಬಂದವರು ಯಾರೂ ಇಲ್ಲ. ವಿಡಿಯೋದ ಕೊನೆಗೆ 'ಹಿನ್ನೆಲೆ ಸದ್ದು: ಪಕ್ಕದ ಟೈಲರು' ಎಂದು ಬರುತ್ತದೆ. ನಾನು ಈಚೆಗೆ ತುಳಿಯುವಾಗ ಬೆನ್ನು ನೇರ ಮಾಡಿಕೊಂಡು ಕೂರುತ್ತೇನೆ.

ಮೊನ್ನೆ ಹಳೆಯ ಆ ನೋಡುಗ ಮತ್ತೆ ಬರೆದಿದ್ದಾನೆ: 'ಈಗ ಎಲ್ಲ ಸರಿಯಾಯಿತು. ಆದರೆ ಮಧ್ಯೆ ಆ ಸ್ಕೂಟರು ಯಾಕೆ?' ಅವತ್ತು ಸಂಜೆ ಅತ್ತಿಗೆ ಕಚೇರಿಯಿಂದ ಬಂದವರೇ ನನ್ನ ಅಂಗಡಿಯ ಮುಂದೆ ತಲೆ ತಗ್ಗಿಸಿ ನಿಂತರು. ಕಾಂಪೌಂಡರಿಗೆ ಮೂರರಿಂದ ನಾಲ್ಕರ ತನಕ ಸ್ವಲ್ಪ ಸ್ಕೂಟರು ಬೇಡವೆಂದು ನೀವೇ ಒಂದು ಮಾತು ಹೇಳುತ್ತೀರಾ ಎಂದರು.

ನಾನು ಟೇಪು ಮಡಚಿ ಜೇಬಿಗಿಟ್ಟುಕೊಂಡೆ.

"ಬಾಯಲ್ಲಿ ಬೇಡ ಅತ್ತಿಗೆ. ಕಾರಣ ಸಮೇತ ಬರೆದು ಕೊಡಿ" ಎಂದೆ.